ಲಗಮಣ್ಣನ ಉಣ್ಣಿ ಪುಡಿ

ಎಮ್ಮೆಯ ವಿಷಯದಲ್ಲಿ ಕುಲಗೋಡದ ಉದ್ದವ್ವನಿಗೆ ಯಾರೂ ಎದುರು ಮಾತಾಡುತ್ತಿರಲಿಲ್ಲ. ಎಮ್ಮೆಯ ಕಿವಿ ಮುಟ್ಟಿದರೆ ಸಾಕು, ಅದಕ್ಕೆ ಇವತ್ತು ಏನಾಗಿದೆ, ನಾಳೆ ಏನಾಗುತ್ತದೆ, ಅದರ ಅಜ್ಜಿಗೆ ಏನಾಗಿತ್ತು ಅನ್ನುವುದನ್ನೆಲ್ಲ ಹೇಳಿಬಿಡುವಳು. ಒಮ್ಮೆ ಮೂಡಲಗಿಯ ದನದ ಸಂತೆಯಲ್ಲಿ ಗಬ್ಬದ ಎಮ್ಮೆ ಎಂದು ಒಬ್ಬ ಕೂಗುತ್ತಿದ್ದನಂತೆ. ಉದ್ದವ್ವ ಹತ್ತಿರ ಹೋಗಿ ಎಮ್ಮೆಯ ಕಣ್ಣಲ್ಲಿ ಕಣ್ಣಿಟ್ಟಳಂತೆ. ಎಮ್ಮೆ ನಾಚಿಕೊಂಡು, ಇಲ್ಲ ಇಲ್ಲ ಎಂದು ತಲೆ ಅಲ್ಲಾಡಿಸಿತಂತೆ. ಮಾರಲು ಬಂದವನು ಹಗ್ಗ ಹಿಡಿದುಕೊಂಡು ತೆಪ್ಪಗೆ ಮನೆಗೆ ಹೋದನಂತೆ. ನಂಬದವರು ಆ ಎಮ್ಮೆಯನ್ನೇ ಕೇಳಬಹುದು.

ಆದರೆ ಸೊಸೆಯ ಕಿವಿ ಮುಟ್ಟಿದರೆ ಉದ್ದವ್ವನಿಗೆ ಏನೂ ತಿಳಿಯುತ್ತಿರಲಿಲ್ಲ. ಎಂಟು ತಿಂಗಳಿಂದ ಅದೇ ಚಿಂತೆ ಅವಳ ಹೊಟ್ಟೆಯಲ್ಲಿ ಕುಳಿತಿತ್ತು.

ಸೊಸೆ ಸುಮನ, ಸಾಲಿಗೆ ಹೋಗುವ ಒಬ್ಬಳು ಮಗಳ ತಾಯಿ, ಊರಿನ ಡೇರಿಯಲ್ಲಿ ಹಾಲು ಅಳೆಯುತ್ತಿದ್ದಳು. ಅವಳ ಚುರುಕು ಎಂಥದ್ದೆಂದರೆ, ಸುರಿದ ಹಾಲು ಕ್ಯಾನಿನ ತಳ ಮುಟ್ಟುವಷ್ಟರಲ್ಲಿ ಎಷ್ಟು ಲೀಟರು, ಎಷ್ಟು ನೀರು, ನೀರು ಯಾವ ಬಾವಿಯದು ಎಂದು ಹೇಳಿ ಮುಗಿಸಿರುತ್ತಿದ್ದಳು. ಅಂಥವಳು ದೀಪಾವಳಿ ಮುಗಿದ ಮೇಲೆ ಕಾಲುವೆ ದಂಡೆಗೆ ಹುಲ್ಲು ಕೊಯ್ಯಲು ಹೋದಾಗ ಮೊಣಕಾಲಿನ ಹಿಂದೆ ಒಂದು ಉಣ್ಣಿ ಕಚ್ಚಿಕೊಂಡಿತು. ದನಕ್ಕೆ ಹತ್ತುವ ಉಣ್ಣಿ, ಕಿತ್ತು ಒಗೆದಳು. ವಾರದ ನಂತರ ಅಲ್ಲಿ ಬಳೆಯಷ್ಟು ದುಂಡಗೆ ಕೆಂಪು ಕಲೆ ಎದ್ದಿತು, ಜ್ವರ ಬಂತು, ಕೀಲುಗಳು ಹಿಡಿದುಕೊಂಡವು.

ಗೋಕಾಕದ ತ್ರಿಶಲಾ ಡಾಕ್ಟರು ಆ ಕಲೆ ನೋಡಿ, ರಕ್ತವನ್ನು ದೂರದ ಊರಿಗೆ ಕಳಿಸಿ, ಲೈಮ್ ಎನ್ನುವ ಕಾಯಿಲೆ ಎಂದರು. ನಮ್ಮ ಕಡೆ ಬಲು ಅಪರೂಪವಂತೆ. ಉದ್ದವ್ವನಿಗೆ ಕೇಳಿಸಿದ್ದು ಅಪರೂಪ ಅನ್ನುವುದೊಂದೇ. ಅಪರೂಪ ಅಂದರೆ ಔಷಧಿ ಯಾರಿಗೂ ಗೊತ್ತಿಲ್ಲ ಎಂದು ಅವಳು ತಿಳಿದಳು. ಮೂರು ವಾರ ಮಾತ್ರೆ ನುಂಗಿದ ಮೇಲೆ ಜ್ವರ ಹೋಯಿತು, ಕಲೆ ಹೋಯಿತು, ದಣಿವು ಮಾತ್ರ ಉಳಿಯಿತು. ಸುಮನ ತಲೆ ಬಾಚಲು ಕುಳಿತರೆ ಒಂದು ಕಡೆ ಬಾಚಿ, ಇನ್ನೊಂದು ಕಡೆಗೆ ಬಲ ಸಾಲದೆ ಮಲಗಿಬಿಡುವಳು.

"ಮಾತ್ರಿ ಕೆಲಸ ಮುಗೀತ್ರಿ," ಎಂದಿದ್ದರು ತ್ರಿಶಲಾ ಡಾಕ್ಟರು. "ಕೆಲವರಿಗೆ ಆಮ್ಯಾಲೂ ತಿಂಗಳಾನುಗಟ್ಟಲೆ ಸುಸ್ತು ಇರತೈತಿ. ವಿಶ್ರಾಂತಿ ಬೇಕು. ದಿನಾ ಸ್ವಲ್ಪ ಸ್ವಲ್ಪ ಅಡ್ಡ್ಯಾಡ್ರಿ. ಅವಸರ ಮಾಡಬ್ಯಾಡ್ರಿ."

"ಮತ್ತ ಔಷಧಿ ಏನ್ರಿ ಡಾಕ್ಟರ್ ಬಾಯಾರ?"

"ಅದ ಔಷಧಿ."

ವಿಶ್ರಾಂತಿಯನ್ನು ಔಷಧಿ ಎಂದು ಕರೆದದ್ದನ್ನು ಉದ್ದವ್ವ ಈ ಜನ್ಮದಲ್ಲಿ ಕೇಳಿರಲಿಲ್ಲ. ಸುಮ್ಮನೆ ಮಲಗಿದ ಎಮ್ಮೆ ಮತ್ತೆ ಎದ್ದದ್ದನ್ನೂ ಅವಳು ನೋಡಿರಲಿಲ್ಲ.

ಆಗ ಬಂಧುಬಳಗದವರ ಬಾಟಲಿಗಳು ಬರತೊಡಗಿದವು. ಕಲ್ಲೋಳಿಯ ನೆಂಟರು ದಿನಕ್ಕೆ ಹನ್ನೊಂದು ಎಸಳು ಬೆಳ್ಳುಳ್ಳಿ ತಿನ್ನಿಸಿದರು. ಹುಕ್ಕೇರಿಯಿಂದ ಬಾಬಾಸಾಹೇಬ ಕಾಕಾ ಬಂದರು. ಅವರು ಸುಮನಳ ತವರುಮನೆಯ ನೆರೆಯವರು, ಸಾಲಿಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾಗಿ ಮನೆಯಲ್ಲಿದ್ದವರು, ಅವಳನ್ನು ಎತ್ತಿ ಆಡಿಸಿದವರು. ಜೈನರಾದ ಕಾಕಾ ಬೆಳ್ಳುಳ್ಳಿ ನೋಡಿ ಮೂಗು ಮುಚ್ಚಿಕೊಂಡರು.

"ಇದನ್ನ ಮೊದಲ ಹೊರಗ ಒಗೀರಿ. ಹೊತ್ತು ಮುಳುಗೂದರಾಗ ಊಟ ಮುಗೀಬೇಕು. ಸಕ್ಕರಿ ಬಂದ್, ಗೋದಿ ಬಂದ್. ಮುಂಜಾನಿ ಎಳಿ ಬಿಸಲಾಗ ಕುಂಡ್ರಬೇಕು. ಈ ಅಮೃತಬಳ್ಳಿ ಕಷಾಯ ದಿನಾ ಅರ್ಧ ವಾಟಗಾ ಕುಡೀಬೇಕು."

ಸುಮನ ಒಲ್ಲೆ ಅನ್ನದೆ ಎಲ್ಲವನ್ನೂ ಕುಡಿದಳು. ಒಲ್ಲೆ ಅನ್ನುವುದಕ್ಕೂ ಬಲ ಬೇಕಲ್ಲ. ತಿಂಗಳು ಕಳೆದರೂ ಅವಳ ತಲೆಯ ಒಂದು ಕಡೆ ಬಾಚಿದ್ದು ಬಾಚಿದ್ದೇ, ಇನ್ನೊಂದು ಕಡೆ ಕೆದರಿದ್ದು ಕೆದರಿದ್ದೇ. ಮುಂಜಾನೆ ಉದ್ದವ್ವ ಎದ್ದ ಕೂಡಲೇ ಸೊಸೆಯ ಕೋಣೆಯ ಬಾಗಿಲಲ್ಲಿ ನಿಂತು ಉಸಿರು ಆಡುತ್ತಿದೆಯೋ ಇಲ್ಲವೋ ನೋಡುತ್ತಿದ್ದಳು. ಆಡುತ್ತಿದ್ದರೆ ಹಿಂಡಲು ಹೋಗುವಳು, ನಾಲ್ಕು ಧಾರೆ ಹಾಲು ಕರೆದು ಮತ್ತೆ ಓಡಿ ಬಂದು ನೋಡುವಳು. ಎಮ್ಮೆಗಳಿಗೂ ಇದು ರೂಢಿಯಾಗಿ, ನಾಲ್ಕು ಧಾರೆ ಆದ ಮೇಲೆ ತಾವೇ ಹಾಲು ತಡೆದು ನಿಲ್ಲುತ್ತಿದ್ದವು.

ಹೀಗಿರುವಾಗ ಒಂದು ದಿನ ಕೊಟ್ಟಿಗೆಯಲ್ಲಿ ಅವಳಿಗೆ ಹೊಳೆಯಿತು. ಉಣ್ಣಿ ಕಚ್ಚಿ ನೆಲ ಹಿಡಿಯುವ ಕಾಯಿಲೆ ಡಾಕ್ಟರಿಗೆ ಅಪರೂಪ ಇರಬಹುದು, ತನಗೆ ಎಲ್ಲಿಯ ಅಪರೂಪ! ಉಣ್ಣಿ ಜ್ವರ ಬಂದು, ಮೇವು ಬಿಟ್ಟು, ಕಿವಿ ಜೋತುಬಿದ್ದ ಎಷ್ಟು ಎಮ್ಮೆಗಳನ್ನು ತಾನು ಎಬ್ಬಿಸಿಲ್ಲ? ದನದ ಔಷಧಿ ಕೊಡುವ ಮಸಗುಪ್ಪಿಯ ಲಗಮಣ್ಣನ ಪುಡಿಯನ್ನು ಬೆಲ್ಲದ ನೀರಲ್ಲಿ ಕದಡಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಬಾಯಿಗೆ ಇಟ್ಟು ಸುರಿದರೆ ಮೂರನೇ ದಿನಕ್ಕೆ ಎಮ್ಮೆ ಎದ್ದು ಒದೆಯುತ್ತಿತ್ತು. ಕಚ್ಚಿದ್ದು ಅದೇ ಉಣ್ಣಿ. ಬಿದ್ದದ್ದು ಅದೇ ರೀತಿ. ಮತ್ತೆ ಔಷಧಿ ಯಾಕೆ ಬೇರೆ?

ಮರುದಿನವೇ ಮಸಗುಪ್ಪಿಗೆ ಹೋದಳು. ಲಗಮಣ್ಣ ಪುಡಿಗೆ ಏನೂ ಇಸಿದುಕೊಳ್ಳುವವನಲ್ಲ, ಆದರೆ ಪದ್ಧತಿ ಬಿಡುವವನೂ ಅಲ್ಲ. ಬಂದವರು ದನದ ಗುರುತು ಪೂರಾ ಹೇಳಬೇಕು. ಬೇರಿನ ಹೆಸರು ಕೇಳಬಾರದು, ಅವನೂ ಹೇಳಬಾರದು. ಹೆಸರು ಬಾಯಿಂದ ಹೊರಬಿದ್ದರೆ ಗುಣ ಹೋಗುತ್ತದೆ. ಒಯ್ಯುವವರು ಮನೆ ಮುಟ್ಟುವ ತನಕ ಹಾದಿಯಲ್ಲಿ ಯಾರ ಜೊತೆಗೂ ಮಾತಾಡಬಾರದು.

"ಯಾವ ಎಮ್ಮಿ ಉದ್ದವ್ವ?" ಎಂದು ಕೇಳಿದ ಲಗಮಣ್ಣ.

"ಹುಕ್ಕೇರಿ ಕಡಿಂದ ತಂದದ್ದು."

"ತಂದು ಎಷ್ಟ ದಿನಾತು?"

"ಎಂಟ ವರ್ಷ... ಅಲ್ಲ, ಎಂಟ ತಿಂಗಳಾತು."

"ಬಣ್ಣ?"

"ಎಣ್ಣಿಗೆಂಪ."

"ಎಣ್ಣಿಗೆಂಪ ಎಮ್ಮಿ ನಾ ಹುಟ್ಟಿದಾಗಿಂದ ನೋಡಿಲ್ಲಬೇ!"

"ಹುಕ್ಕೇರಿ ಕಡೆ ಇರತಾವ."

"ಎಷ್ಟ ಸೂಲಾತು?"

"ಒಂದ. ಹೆಣ್ಣಗರಾ. ಸಾಲಿಗೆ ಹೊಂ..." ಉದ್ದವ್ವ ನಾಲಿಗೆ ಕಚ್ಚಿಕೊಂಡಳು. "ಸಾಲಹಿಡದ ಹೊಂಡತೈತಿ ಅವ್ವನ ಹಿಂದ."

"ಹಾಯ್ತೈತೇನು?"

"ಹಾಯೂದಿಲ್ಲ. ಒಂದೊಂದ ಸಲ ಒದರತೈತಿ, ಅಷ್ಟ."

"ಮೇವು?"

"ಎರಡ ರೊಟ್ಟಿ ತಿನ್ನಾಕ ತಾಸ ಹಿಡೀತೈತಿ."

"ಎಮ್ಮಿಗೆ ರೊಟ್ಟಿ ಹಾಕ್ತೀರಿ?"

"ಭಾಳ ಅಕ್ಕರತಿಲೆ ಸಾಕೇವು ಲಗಮಣ್ಣ," ಎನ್ನುವಾಗ ಉದ್ದವ್ವನ ಕಣ್ಣಲ್ಲಿ ಖರೆ ಖರೆ ನೀರು ಬಂತು. ಎಮ್ಮೆಗಾಗಿ ಅಳುವ ಹೆಂಗಸನ್ನು ನೋಡಿ ಲಗಮಣ್ಣನ ಮನಸ್ಸು ಕರಗಿ, ಒಂದು ಹಿಡಿ ಪುಡಿ ಹೆಚ್ಚೇ ಕಟ್ಟಿದ.

ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆ ಎಂದರೆ ಉದ್ದವ್ವ ಬಾಯಿ ಬಿಡದೆ ಆಧಾರ್ ಕಾರ್ಡನ್ನು ಅವನ ಮೂಗಿಗೆ ಹಿಡಿದಳು. ಅವನು ಮೂರು ಸಲ ಕೇಳಿ, ಪಾಪ ಮೂಕಿ ಎಂದು ಕಿಟಕಿ ಬಾಜೂ ಸೀಟು ಕೊಡಿಸಿದ.

ಅಳತೆಯ ವಿಷಯದಲ್ಲಿ ಅವಳು ತಲೆ ಓಡಿಸದೆ ಇರಲಿಲ್ಲ. ಒಂದು ಎಮ್ಮೆಯ ತೂಕಕ್ಕೆ ಹತ್ತು ಸುಮನ ಬೇಕು. ಹಾಗಾದರೆ ಗೊಟ್ಟದ ಹತ್ತರಲ್ಲಿ ಒಂದು ಪಾಲು. ಮೊದಲ ದಿನ ಅಷ್ಟೇ ಹಾಕಿ, ಬೆಲ್ಲ ಕದಡಿ, ಹುಕ್ಕೇರಿ ಕಾಕಾನ ಕಷಾಯದ ಬಾಟಲಿಗೆ ಬೆರೆಸಿಬಿಟ್ಟಳು. ಅದರ ವಾಸನೆಗೆ ಮನೆಯ ಬೆಕ್ಕು ಮೂರು ಓಣಿ ದಾಟಿ ಹೋಗಿ, ಆ ವಾರ ಮರಳಲಿಲ್ಲ.

"ಅತ್ತಿ, ಕಾಕಾನ ಕಷಾಯ ಇವತ್ತ ಯಾಕೋ ಬ್ಯಾರೆ ಆಗೇತಲ್ರಿ?" ಎಂದಳು ಸುಮನ.

"ಬಾಟಲಿ ತಳಕ್ಕ ಗಟ್ಟಿ ಇರತೈತವ. ಮೂಗ ಹಿಡಕೊಂಡ ಕುಡಿ."

ಎರಡನೇ ದಿನ ಸುಮನ ಎದ್ದು ಕುಳಿತಳು! ತಲೆಯ ಎರಡೂ ಕಡೆ ಬಾಚಿದಳು! ಉದ್ದವ್ವ ಕೊಟ್ಟಿಗೆಗೆ ಹೋಗಿ ಎಮ್ಮೆಗಳ ಮುಂದೆ ಕುಣಿಯುವುದೊಂದು ಬಾಕಿ. ಹತ್ತರಲ್ಲಿ ಒಂದು ಪಾಲಿಗೆ ಇಷ್ಟಾದರೆ ಎಂದು ಮೂರನೇ ದಿನ ಎರಡು ಪಾಲು ಹಾಕಿದಳು. ಸುಮನ ಡೇರಿಯ ತನಕ ನಡೆದು ಹೋಗಿ ಬಂದಳು. ನಾಲ್ಕನೇ ದಿನ ಮೂರು ಪಾಲು.

ಐದನೇ ದಿನ ಸುಮನ ವಾಂತಿ ಮಾಡಿಕೊಂಡಳು. ಆರನೇ ದಿನ ಮೈಯೆಲ್ಲ ತುರಿಕೆ. ಏಳನೇ ದಿನ ಮುಂಜಾನೆ ಉದ್ದವ್ವ ಬಾಗಿಲಲ್ಲಿ ನಿಂತು ನೋಡುವಾಗ ಸುಮನ ಕಣ್ಣು ತೆರೆದಳು. ಕಣ್ಣಿನ ಬಿಳಿ ಅರಿಸಿನದ ಹಾಗೆ ಹಳದಿಯಾಗಿತ್ತು. ಉದ್ದವ್ವ ಮಗನನ್ನು ಕೂಗಿ ಎಬ್ಬಿಸಿದಳು.

ಮಗ ಅರ್ಜುನ ಹೆಂಡತಿಯನ್ನು ಜೀಪಿನಲ್ಲಿ ಮಲಗಿಸಿಕೊಂಡು ಗೋಕಾಕಕ್ಕೆ ಒಯ್ದ. ಉದ್ದವ್ವ ಹಿಂದಿನ ಸೀಟಿನಲ್ಲಿ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಅವಳ ಚೀಲದಲ್ಲಿ ಉಳಿದ ಪುಡಿಯ ಗಂಟು ಇತ್ತು. ಮನೆಯಲ್ಲಿ ಬಿಟ್ಟರೆ ಯಾರಾದರೂ ನೋಡಿಯಾರು ಎಂದು ತಂದಿದ್ದಳು. ಹಾದಿಯುದ್ದಕ್ಕೂ ಆ ಗಂಟು ದೊಡ್ಡದಾಗುತ್ತ ಹೋದ ಹಾಗೆ, ಕಲ್ಲೋಳಿ ದಾಟುವಷ್ಟರಲ್ಲಿ ಕುಂಬಳಕಾಯಿಯಷ್ಟು ಆದ ಹಾಗೆ ಅವಳಿಗೆ ಅನ್ನಿಸಿತು.

ರಕ್ತ ನೋಡಿದ ತ್ರಿಶಲಾ ಡಾಕ್ಟರ ಮುಖ ಗಂಭೀರವಾಯಿತು. "ಲಿವರ್‌ಗೆ ಭಾಳ ಪೆಟ್ಟ ಬಿದ್ದೈತಿ. ಏನೇನ ತಗೊಂಡಾಳ? ಒಂದೂ ಬಿಡಲಾರದ ಹೇಳ್ರಿ."

"ಹುಕ್ಕೇರಿ ಕಾಕಾನ ಕಷಾಯರಿ," ಎಂದ ಅರ್ಜುನ. "ಈಗ ಅದೊಂದ. ಬೆಳ್ಳುಳ್ಳಿ ಯಾವಾಗೋ ಬಿಟ್ಟಾಳ."

ಡಾಕ್ಟರು ಉದ್ದವ್ವನ ಕಡೆ ನೋಡಿದರು. "ನೀವೇನಾರ ಕೊಟ್ಟೀರೇನು ಉದ್ದವ್ವಾರ?"

"ಇಲ್ರಿ ಬಾಯಾರ." ಮಾತು ತಾನೇ ಹೊರಬಿತ್ತು. ಎಮ್ಮೆಯ ಔಷಧಿಯನ್ನು ಸೊಸೆಗೆ ಹಾಕಿದೆ ಎಂದು ಹೇಳುವ ಬಾಯಿ ಯಾರಿಗಿದೆ? ಡೇರಿಯಲ್ಲಿ, ಸಂತೆಯಲ್ಲಿ, ಬೀಗರ ಮನೆಯಲ್ಲಿ... ಅದಕ್ಕಿಂತ ಹೆಚ್ಚಾಗಿ ಅರ್ಜುನನ ಮುಂದೆ.

ಅರ್ಜುನ ಹೊರಗೆ ಹೋಗಿ ಹುಕ್ಕೇರಿಗೆ ಫೋನ್ ಹಚ್ಚಿದ. ಅವನ ಕೂಗು ಆಸ್ಪತ್ರೆಯ ಎರಡನೇ ಮಾಳಿಗೆಗೂ ಕೇಳಿಸುತ್ತಿತ್ತು. "ಏನ ಹಾಕಿದ್ರಿ ಕಾಕಾ ಆ ಬಾಟಲ್ಯಾಗ? ನನ್ನ ಹೆಂಡತಿಗಿ ಏನಾರ ಆದ್ರ ನಿಮ್ಮನ್ನ ಸುಮ್ನ ಬಿಡೂದಿಲ್ಲ ನೋಡ್ರಿ!" ಉದ್ದವ್ವ ಬೆಂಚಿನ ಮೇಲೆ ಕುಳಿತು ಚೀಲವನ್ನು ಹೊಟ್ಟೆಗೆ ಒತ್ತಿಕೊಂಡಳು.

ಎರಡು ತಾಸಿನೊಳಗೆ ಬಾಬಾಸಾಹೇಬ ಕಾಕಾ ಬಂದರು. ಬಸ್ಸು ಸಿಗದೆ ಯಾರದೋ ಹಾಲಿನ ಗಾಡಿ ಹತ್ತಿ ಬಂದಿದ್ದರು. ತಲೆಗೆ ಟೋಪಿ ಇರಲಿಲ್ಲ. ಉದ್ದವ್ವ ಟೋಪಿಯಿಲ್ಲದ ಕಾಕಾನನ್ನು ನೋಡಿದ್ದು ಅದೇ ಮೊದಲು. ಅವರು ಚೀಲದಿಂದ ಅದೇ ಕಷಾಯದ ಇನ್ನೊಂದು ಬಾಟಲಿ ತೆಗೆದು ಡಾಕ್ಟರ ಮೇಜಿನ ಮೇಲಿಟ್ಟರು.

"ಇದರಾಗ ಅಮೃತಬಳ್ಳಿ ಬಿಟ್ರ ಏನೂ ಇಲ್ರಿ ತಾಯಿ. ನಮ್ಮ ಮನ್ಯಾಗ ನಾ ದಿನಾ ಕುಡೀತೇನಿ. ಆದ್ರೂ..." ಅವರು ಬಾಟಲಿಯನ್ನು ಮತ್ತೆ ಎತ್ತಿ ಬೆಳಕಿಗೆ ಹಿಡಿದರು. "ಬಳ್ಳಿ ಹರಿಯೂ ಮುಂದ ಕಣ್ಣ ಸರಿ ಕಾಣಲಿಲ್ಲೋ ಏನೋ. ಬ್ಯಾರೆ ಬಳ್ಳಿ ಹರದೆನೋ ಏನೋ. ಹೌದ, ನನ್ನ ತಪ್ಪ ಇರಬೇಕು. ಎತ್ತಿ ಆಡಿಸಿದ ಕೂಸಿಗೆ ನಾನ ನನ್ನ ಕೈಯಾರೆ..."

ಅರ್ಜುನ ಅವರಿಗೆ ಬೆನ್ನು ತಿರುಗಿಸಿ ನಿಂತ. ಕಾಕಾ ತಮ್ಮ ಎರಡೂ ಕೈಗಳನ್ನು ಮುಂದೆ ಹಿಡಿದುಕೊಂಡು, ಬೇರೆ ಯಾರದೋ ಕೈಗಳೆಂಬಂತೆ ನೋಡುತ್ತ ಕುಳಿತರು.

ಡಾಕ್ಟರು ಬಾಟಲಿ ಮೂಸಿ, ಎಲೆಯ ಚೂರುಗಳನ್ನು ಬಟ್ಟಲಲ್ಲಿ ಹರವಿ ನೋಡಿದರು. "ಇದೂ ಕೆಲವರಿಗೆ ಆಗೂದಿಲ್ಲ. ಆದ್ರ ಅರ್ಧ ವಾಟಗಾ ತಗೊಂಡ್ರ ಇಷ್ಟ ಜಲ್ದಿ ಇಷ್ಟ ಆಗೂದು ನನಗ ಅನುಮಾನ. ಹಂಗಾದ್ರ ಆ ಉಣ್ಣಿ ಕಾಯಿಲೆ ಒಳಗ ತಿರುಗಿ ಎದ್ದಿರಬೇಕು. ಇವತ್ತ ಇಂಜೆಕ್ಷನ್ ಸುರು ಮಾಡಬೇಕಾಕೈತಿ. ಅದೂ ಲಿವರ್ ಮ್ಯಾಲ ಹೊರೀನ. ಬ್ಯಾರೆ ಏನೋ ಔಷಧಿಯಿಂದ ಹಿಂಗಾಗಿದ್ರ ಆ ಇಂಜೆಕ್ಷನ್ ಕೊಡಬಾರದು. ಆದ್ರ ಬ್ಯಾರೆ ಏನೂ ಇಲ್ಲ ಅಂತೀರಿ." ಅವರು ನರ್ಸನ್ನು ಕರೆದು ಚೀಟಿ ಬರೆದು ಕೊಟ್ಟರು. "ತಯಾರ ಮಾಡ್ರಿ."

ನರ್ಸಿನ ಚಪ್ಪಲಿ ಪಟಪಟ ಎನ್ನುತ್ತ ವಾರ್ಡಿನ ಕಡೆ ನಡೆಯಿತು. ಉದ್ದವ್ವ ಆ ಸಪ್ಪಳವನ್ನೇ ಕೇಳಿದಳು. ಹತ್ತು ಹೆಜ್ಜೆ. ಹದಿನೈದು. ಔಷಧಿ ಕೋಣೆಯ ಬಾಗಿಲು ತೆರೆಯಿತು. ಒಳಗೆ ಗಾಜಿನ ಸೀಸೆಯ ಕುತ್ತಿಗೆ ಟಕ್ ಎಂದು ಮುರಿದದ್ದು ಕೇಳಿಸಿತು.

"ನಿಲ್ಲಸ್ರಿ!" ಉದ್ದವ್ವ ಕೂಗಿದ ಕೂಗಿಗೆ ಗೋಕಾಕದ ಜಲಪಾತ ಒಂದು ಗಳಿಗೆ ಧುಮುಕುವುದನ್ನು ಮರೆತಿತು ಎಂದು ಆಮೇಲೆ ಆಸ್ಪತ್ರೆಯ ಕಸ ಗುಡಿಸುವವಳು ಹೇಳುತ್ತಿದ್ದಳು. "ಕಾಕಾಂದು ಏನೂ ತಪ್ಪಿಲ್ರಿ. ನಾ ಹಾಕೇನ್ರಿ. ಅವರ ಬಾಟಲ್ಯಾಗ ನಾ ಬೆರಸೇನಿ."

ಅವಳು ಗಂಟನ್ನು ತೆಗೆದು ಮೇಜಿನ ಮೇಲಿಟ್ಟಳು. ಅದು ನಿಂಬೆಹಣ್ಣಿನಷ್ಟು ಮಾತ್ರ ಇತ್ತು.

"ಇದೇನ್ರಿ?"

"ಎಮ್ಮಿ ಉಣ್ಣಿ ಜ್ವರದ ಪುಡಿರಿ."

ಅರ್ಜುನ ಮೆಲ್ಲಗೆ ತಿರುಗಿದ. "ಯವ್ವಾ," ಎಂದ. ಗಂಟನ್ನು ಒಮ್ಮೆ, ಅವ್ವನನ್ನು ಒಮ್ಮೆ ನೋಡಿದ. ಬೈದಿದ್ದರೆ ಉದ್ದವ್ವ ಸಹಿಸಿಕೊಳ್ಳುತ್ತಿದ್ದಳು.

"ಇದರಾಗ ಏನೇನೈತಿ?" ಡಾಕ್ಟರು ಪೆನ್ನು ಹಿಡಿದರು.

"ಅದು ಮಸಗುಪ್ಪಿ ಲಗಮಣ್ಣಗ ಒಬ್ಬಗ ಗೊತ್ತರಿ. ಅಂವ ಹೇಳೂದಿಲ್ಲ. ಹೇಳಿದ್ರ ಗುಣ ಹೋಗತೈತಿ."

"ಅದರಾಗ ಏನೈತಿ ಅಂತ ಗೊತ್ತಾದ್ರ ಅದಕ್ಕ ತಕ್ಕಂಗ ಉಪಚಾರ ಮಾಡಬಹುದು. ಈಗಿಂದೀಗ ಗೊತ್ತಾಗಬೇಕು. ಫೋನ್ ಹಚ್ರಿ."

ಫೋನಿನಲ್ಲಿ ಲಗಮಣ್ಣ ಮೊದಲು ಒಪ್ಪಲೇ ಇಲ್ಲ. "ನಮ್ಮಪ್ಪ ಸಾಯೂ ಮುಂದ ಕಿವ್ಯಾಗ ಹೇಳಿದ್ದು. ಒಂದ ಎಮ್ಮಿ ಸಲುವಾಗಿ ಊರ ಎಮ್ಮಿಗಿಲ್ಲದಂಗ ಮಾಡಂತಿ ಏನ ಉದ್ದವ್ವ?"

"ಎಮ್ಮಿ ಅಲ್ಲೋ ಲಗಮಣ್ಣ. ಸೊಸಿ."

"ಯಾರು?"

"ನನ್ನ ಸೊಸಿ. ಸುಮನ. ಅಕೀಗೇ ಕುಡಿಸೇನಿ."

"ಎಣ್ಣಿಗೆಂಪ," ಎಂದ ಲಗಮಣ್ಣ ಬಲು ಸಣ್ಣ ದನಿಯಲ್ಲಿ. "ಅಯ್ಯೋ ಹುಚ್ಚಿ. ನಾ ಬರತೇನಿ. ಫೋನ್ಯಾಗ ಹೇಳೂದಲ್ಲ ಅದು."

ಅವನು ಬರುವ ತನಕ ಉದ್ದವ್ವ ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು, ಒಳಗೆ ಹೋಗುವ ಧೈರ್ಯ ಬರಲಿಲ್ಲ. ಗೋಡೆಯ ಗಡಿಯಾರದ ಮುಳ್ಳು ಮುಂದೆ ಒಂದು ಹೆಜ್ಜೆ ಇಟ್ಟು ಹಿಂದೆ ಎರಡು ಇಡುತ್ತಿದೆ ಎಂದು ಅವಳು ಆಣೆ ಮಾಡಿ ಹೇಳಬಲ್ಲವಳಾಗಿದ್ದಳು. ಬಾಬಾಸಾಹೇಬ ಕಾಕಾ ಬಂದು ಅವಳ ಬಾಜೂ ನಿಂತರು. ಅವಳು ಅವರ ಕಾಲಿಗೆ ಬೀಳಲು ಬಾಗಿದಳು. ಅವರು ಹಿಂದೆ ಸರಿದರು.

"ಬ್ಯಾಡವಾ. ಇವತ್ತ ನನಗ ನಿಮ್ಮ ಮುಖ ನೋಡಾಕ ಆಗವಲ್ಲದು. ಆದ್ರ ನಿಂತಿರತೇನಿ, ಹುಡಗಿ ಸಲುವಾಗಿ."

ಲಗಮಣ್ಣ ಬೈಕಿನಿಂದ ಇಳಿದವನೇ ಯಾರನ್ನೂ ನೋಡದೆ ಡಾಕ್ಟರ ಕೋಣೆಗೆ ಹೋದ. ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಬಾಗಿ, ಡಾಕ್ಟರ ಕಿವಿಯಲ್ಲಿ ಒಂದೊಂದೇ ಹೆಸರು ಹೇಳಿದ. ತ್ರಿಶಲಾ ಡಾಕ್ಟರು ಬರೆದುಕೊಂಡರು. ಏಳು ಬೇರುಗಳು. ಐದನೆಯದಕ್ಕೆ ಪೆನ್ನು ನಿಂತಿತು.

"ಇದ. ಎಮ್ಮಿ ತಡಕೊಂತಿರಬಹುದು. ಮನಷಾರ ಲಿವರ್ ತಡಕೊಳ್ಳೂದಿಲ್ಲ." ಅವರು ನರ್ಸನ್ನು ಕರೆದರು. "ಆ ಇಂಜೆಕ್ಷನ್ ಬ್ಯಾಡ. ಎಲ್ಲಾ ಬಂದ್. ನಾ ಹೇಳಿದ ಸಲಾಯಿನ್ ಒಂದ ಹಚ್ರಿ."

"ಉಳೀತಾಳೇನ್ರಿ?" ಎಂದಳು ಉದ್ದವ್ವ.

"ಮೂರ ದಿನ ನೋಡಬೇಕು. ಇನ್ನೊಂದ ನಾಕ ದಿನ ಕುಡಿಸಿದ್ರ ಕೇಳೂ ಹಂಗ ಇರತಿರಲಿಲ್ಲ."

ಲಗಮಣ್ಣ ರುಮಾಲು ಸುತ್ತಿಕೊಳ್ಳದೆ ಹಾಗೆಯೇ ಹೊರಗೆ ನಡೆದ. ಮೆಟ್ಟಿಲ ಮೇಲೆ ಒಂದು ಸಲ ನಿಂತು ಉದ್ದವ್ವನ ಕಡೆ ನೋಡಿ, "ಇನ್ನ ಮ್ಯಾಲ ನನ್ನ ಹಂತ್ಯಾಕ ಎಮ್ಮಿ ತರಬ್ಯಾಡಬೇ. ಪುಡ್ಯಾಗ ಬರೇ ಮಣ್ಣ ಉಳದೈತಿ," ಎಂದ.

ಆ ಮೂರು ದಿನ ಉದ್ದವ್ವ ಉಂಡಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಪ್ರತಿ ಮುಂಜಾನೆ ಸುಮನಳ ರಕ್ತ ತೆಗೆಯುತ್ತಿದ್ದರು, ಕಾಗದದ ಮೇಲೆ ಒಂದು ಅಂಕಿ ಬರುತ್ತಿತ್ತು. ಮೊದಲ ದಿನ ಏರಿತು. ಎರಡನೇ ದಿನ ಅಲ್ಲಿಯೇ ನಿಂತಿತು. ಮೂರನೇ ದಿನ ಕೊಂಚ ಇಳಿಯಿತು. ಓದು ಬಾರದ ಉದ್ದವ್ವ ಆ ಅಂಕಿಯ ಆಕಾರವನ್ನೇ ಬಾಯಿಪಾಠ ಮಾಡಿಕೊಂಡಿದ್ದಳು.

ಅರ್ಜುನ ಎಲ್ಲವನ್ನೂ ಹೆಂಡತಿಗೆ ಹೇಳಿದ್ದ. ಎರಡು ದಿನ ಸುಮನ ಅತ್ತೆ ಬಂದರೆ ಗೋಡೆಯ ಕಡೆ ಹೊರಳುತ್ತಿದ್ದಳು. ಮೂರನೇ ದಿನ ಹೊರಳಲಿಲ್ಲ.

"ಅತ್ತಿ, ನಾ ಏಳೂದು ನಿಮಗ ಅಷ್ಟ ಅವಸರ ಇತ್ತೇನ್ರಿ?"

"ಅವಸರ ಅಲ್ಲವ," ಎಂದಳು ಉದ್ದವ್ವ. "ಅಂಜಿಕಿ. ಹಂಗ ಮಲಕೊಂಡಾಕಿ ಹಂಗ ಹೋದ್ರ ಅಂತ."

"ನನಗ ಕೇಳಿ ಕುಡಿಸಬೇಕಿತ್ತು."

"ಹೌದು."

"ನಾ ಬ್ಯಾಡ ಅಂತಿದ್ದೆ."

"ಅದಕ್ಕ ಕೇಳಲಿಲ್ಲ."

ಸುಮನ ಛಾವಣಿ ನೋಡುತ್ತ ಮಲಗಿದಳು. "ಆ ಎರಡ ದಿನ ಮಾತ್ರ ಖರೇನ ಆರಾಮ ಅನಸಿತ್ತು ನೋಡ್ರಿ. ಯಾಕ ಅಂತ ಡಾಕ್ಟರ್ ಬಾಯಾರಿಗೂ ಗೊತ್ತಿಲ್ಲಂತ." ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ದಣಿವಾಯಿತು.

ಹನ್ನೆರಡನೇ ದಿನಕ್ಕೆ ಮನೆಗೆ ಬಂದರು. ಕಣ್ಣಿನ ಹಳದಿ ಹೋಗಿತ್ತು, ದಣಿವು ಇದ್ದಲ್ಲೇ ಇತ್ತು. ಡಾಕ್ಟರು ಈ ಸಲ ಉದ್ದವ್ವನ ಎದುರಿಗೆ ಕೂತು ಹೇಳಿ ಕಳಿಸಿದ್ದರು. ಎಷ್ಟು ನಡೆಯಲು ಆಗುತ್ತದೋ ಅದರ ಅರ್ಧ ಮಾತ್ರ ನಡೆಸಬೇಕು. ಸಾಕು ಎಂದು ಸುಮನ ಅಂದರೆ ಸಾಕು.

ಮೊದಲ ವಾರ ಹೊಸ್ತಿಲ ತನಕ. ಎರಡನೇ ವಾರ ಅಂಗಳದ ತನಕ. ಮೂರನೇ ವಾರದ ಒಂದು ಮುಂಜಾನೆ ಇಬ್ಬರೂ ಡೇರಿಯ ಹಾದಿ ಹಿಡಿದರು. ಉದ್ದವ್ವ ಒಂದು ಹೆಜ್ಜೆ ಹಿಂದೆ. ಡೇರಿಯ ಬಾಗಿಲು ಕಾಣುತ್ತಿತ್ತು, ಒಳಗೆ ಕ್ಯಾನುಗಳ ಸದ್ದು ಕೇಳುತ್ತಿತ್ತು. ಅಷ್ಟರಲ್ಲಿ ಸುಮನ ಹಾದಿ ಬದಿಯ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

"ಇವತ್ತ ಇಷ್ಟ ಸಾಕ್ರಿ."

ಇನ್ನೂ ಹತ್ತು ಹೆಜ್ಜೆ ಇತ್ತು, ಹೆಚ್ಚೆಂದರೆ ಹನ್ನೆರಡು. ಹತ್ತೇ ಹೆಜ್ಜೆಯವ್ವ ಎನ್ನುವ ಮಾತು ಉದ್ದವ್ವನ ಹಲ್ಲಿನ ತನಕ ಬಂತು. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಪಕ್ಕದಲ್ಲಿ ಕುಳಿತಳು.

ಹಾಲು ಹಾಕಿ ಮರಳುತ್ತಿದ್ದ ಶಿವಗಂಗವ್ವ ನಿಂತಳು. "ಏನ ಉದ್ದವ್ವ, ಸೊಸಿ ಆರಾಮಾದಳೇನು? ಆಗಿರದಿದ್ರ ನಮ್ಮ ತಮ್ಮನ ಊರಾಗ ಒಬ್ಬಂವ ಅದಾನ ನೋಡು. ನರ ಹಿಡದ ನೋಡಿ ಎಂಥಾ ಸುಸ್ತಿದ್ರೂ ಒಂದ ವಾರದಾಗ..."

ಯಾವ ಊರು ಎಂದು ಕೇಳಲು ಉದ್ದವ್ವನ ನಾಲಿಗೆ ತಾನೇ ಮೇಲೆದ್ದಿತು. ಅವಳು ಸುಮನಳ ಕಡೆ ನೋಡಿದಳು. ಸುಮನ ಕಣ್ಣು ಮುಚ್ಚಿ, ಗೋಡೆಗೆ ಒರಗಿ, ಬಾಯಿ ಬಿಟ್ಟು ಉಸಿರಾಡುತ್ತಿದ್ದಳು.

"ಅಕೀಗೇ ಕೇಳು," ಎಂದಳು ಉದ್ದವ್ವ.

ಸುಮನ ಕಣ್ಣು ತೆರೆಯದೆ ತಲೆ ಅಡ್ಡಕ್ಕೆ ಅಲ್ಲಾಡಿಸಿದಳು. ಶಿವಗಂಗವ್ವ ಮುಖ ಸಣ್ಣ ಮಾಡಿಕೊಂಡು ಹೋದಳು. ಉದ್ದವ್ವ ಅವಳು ಓಣಿ ತಿರುಗುವ ತನಕ ನೋಡುತ್ತಿದ್ದಳು, ಕೂಗಿ ಕರೆಯಲಿಲ್ಲ.